ಗರ್ಭಪಾತದ ಮಾತ್ರೆ ತಗೊಂಡಿದ್ದೆ, ಇನ್ನು ಮಕ್ಕಳಾಗುತ್ತಾ?

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನನಗೆ 27 ವರ್ಷ. ಮದುವೆಯಾದ ಹೊಸದರಲ್ಲೇ ಬಸುರಿಯಾದೆ. ಬಿ.ಎಡ್. ಮುಗಿದಿರಲಿಲ್ಲ, ಹಾಗಾಗಿ ನಾವಿಬ್ಬರೂ ಮಾತಾಡಿಕೊಂಡು ಏಳನೇ ವಾರದಲ್ಲಿ ಶಿವಮೊಗ್ಗದಲ್ಲಿ ಡಾಕ್ಟರ್‌ಗೆ ತೋರಿಸಿ ಮಾತ್ರೆ ತಗೊಂಡೆ. ಈಗ ಆರು ತಿಂಗಳಿಂದ ಮಗು ಬೇಕು ಅಂತ ಕಾಯುತ್ತಿದ್ದೇವೆ, ಆಗಿಲ್ಲ. ಮೊದಲ ಬಸಿರು ತೆಗೆಸಿದರೆ ಗರ್ಭಚೀಲ ಒಣಗುತ್ತೆ ಅಂತಾರೆ. ಅತ್ತೆಗೆ ಈ ವಿಷಯ ಗೊತ್ತಿಲ್ಲ. ಆ ಮಾತ್ರೆಯಿಂದಲೇ ಹೀಗಾಯ್ತಾ?

ಉತ್ತರ: ಇಲ್ಲಮ್ಮಾ. ಡಾಕ್ಟರ್ ನೋಡಿ ಕೊಟ್ಟ ಮಾತ್ರೆ ತಗೊಂಡು, ಬಸಿರು ಪೂರ್ತಿ ಹೋಗಿ, ಆಮೇಲೆ ಸೋಂಕು ಆಗಿಲ್ಲದಿದ್ದರೆ ಮುಂದೆ ಮಕ್ಕಳಾಗಲು ಅದರಿಂದ ಅಡ್ಡಿಯಿಲ್ಲ. ಗರ್ಭಚೀಲ ಒಣಗುತ್ತೆ ಅನ್ನೋದು ಸುಳ್ಳು.

ಆ ಪ್ಯಾಕಿನಲ್ಲಿ ಐದು ಮಾತ್ರೆ ಇದ್ದದ್ದು ನೆನಪಿರಬೇಕು, ಅಲ್ವಾ? ಮೊದಲು ನುಂಗುವ ಒಂದು ಮಿಫೆಪ್ರಿಸ್ಟೋನ್. ಬಸಿರು ನಿಲ್ಲಲು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು ಬೇಕು, ಅದರ ಕೆಲಸವನ್ನು ಇದು ತಡೆಯುತ್ತದೆ. ಒಂದೆರಡು ದಿನ ಬಿಟ್ಟು ತಗೊಳ್ಳುವ ನಾಲ್ಕು ಮಿಸೊಪ್ರೊಸ್ಟಾಲ್. ಅದರಿಂದ ಗರ್ಭಚೀಲ ಹಿಂಡಿದಂತಾಗಿ ಹೊಟ್ಟೆ ನುಲಿಯುತ್ತದೆ, ರಕ್ತದ ಜೊತೆ ಎಲ್ಲ ಹೊರಗೆ ಹೋಗುತ್ತದೆ. ಅಂಡಾಶಯಕ್ಕೆ ಇವು ಏನೂ ಮಾಡುವುದಿಲ್ಲ. ಕೆಲವು ದಿನಗಳಲ್ಲಿ ಮೈಯಿಂದ ಹೊರಟುಹೋಗುತ್ತವೆ. ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಮತ್ತೆ ಬರುತ್ತದೆ, ಆದರೆ ಅದಕ್ಕೂ ಮೊದಲೇ, ಕೆಲವರಿಗೆ ಎಂಟು ಹತ್ತು ದಿನಕ್ಕೇ, ಅಂಡ ಬಿಡುಗಡೆ ಆಗಿಬಿಡುತ್ತದೆ. ಮಾತ್ರೆ ಕೊಟ್ಟ ಡಾಕ್ಟರು ಕೂಡಲೇ ಕಾಪರ್-ಟಿ, ನಿರೋಧ್ ಅಂತ ಮಾತೆತ್ತುವುದು ಇದಕ್ಕೇ. ಮತ್ತೆ ಬಸಿರಾಗುವ ಶಕ್ತಿ ಅಷ್ಟು ಬೇಗ ವಾಪಸ್ ಬರುತ್ತದೆ.

ಡೆನ್ಮಾರ್ಕಿನಲ್ಲಿ ಮೂರು ತಿಂಗಳೊಳಗೆ ಗರ್ಭಪಾತ ಮಾಡಿಸಿಕೊಂಡ ಹೆಂಗಸರ ಮುಂದಿನ 11,814 ಬಸಿರುಗಳನ್ನು ನೋಡಿ 2007ರಲ್ಲಿ ಒಂದು ಅಧ್ಯಯನ ಬಂತು. ಗರ್ಭ ಜಾರುವುದು, ಗರ್ಭಚೀಲದ ಬದಲು ಅಂಡನಾಳದಲ್ಲಿ ಬಸಿರು ನಿಲ್ಲುವುದು, ದಿನ ತುಂಬದ ಹೆರಿಗೆ, ಕಡಿಮೆ ತೂಕದ ಮಗು, ಇದ್ಯಾವುದೂ ಆಪರೇಷನ್ ಮಾಡಿಸಿದವರಿಗಿಂತ ಮಾತ್ರೆ ತಗೊಂಡವರಲ್ಲಿ ಜಾಸ್ತಿ ಇರಲಿಲ್ಲ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ಕಡ್ಡಿ, ಬೇರು ಹಾಕಿ ಬಸಿರು ಇಳಿಸುತ್ತಿದ್ದರು, ಒಳಗೆ ಕೀವಾಗಿ ನಾಳ ಮುಚ್ಚಿಹೋಗಿ ಎಷ್ಟೋ ಜನಕ್ಕೆ ಮತ್ತೆ ಮಕ್ಕಳಾಗಲಿಲ್ಲ, ಕೆಲವರು ಸತ್ತೇಹೋದರು. ಕೆಡುಕು ಮಾಡಿದ್ದು ಸೋಂಕು. ಇವತ್ತೂ ನನಗೆ ಚಿಂತೆಯಾಗುವುದು ಡಾಕ್ಟರ್ ಚೀಟಿಯಿಲ್ಲದೆ, ಸ್ಕ್ಯಾನಿಂಗ್ ಇಲ್ಲದೆ, ಮೆಡಿಕಲ್ ಶಾಪಿನಿಂದ ಗುಟ್ಟಾಗಿ ಮಾತ್ರೆ ತರಿಸುವವರ ಬಗ್ಗೆ. ಈ ಮಾತ್ರೆ ಕೊಡುವುದು ಒಂಬತ್ತು ವಾರದೊಳಗೆ, ಅದೂ ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿ. ಬಸಿರು ನಾಳದಲ್ಲಿ ನಿಂತಿದ್ದರೆ ಮಾತ್ರೆ ಕೆಲಸವೇ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಹೊಸನಗರದ ಆಚೆಯ ಹಳ್ಳಿಯಿಂದ ರಾತ್ರಿ ಆಸ್ಪತ್ರೆ ಸೇರುವುದು ಎಷ್ಟು ಕಷ್ಟ ಅಂತ ಬೇರೆ ಹೇಳಬೇಕಾಗಿಲ್ಲ. ಎರಡು ಗಂಟೆ ಕಾಲ ಗಂಟೆಗೆ ಎರಡೆರಡು ಪ್ಯಾಡ್ ಪೂರ್ತಿ ನೆನೆದರೆ, ಒಂದು ದಿನ ಕಳೆದರೂ ಜ್ವರ ಬಿಡದಿದ್ದರೆ, ವಾಸನೆಯ ಸ್ರಾವ ಬಂದರೆ ಬೆಳಗಾಗಲಿ ಅಂತ ಕಾಯಬಾರದು, 108ಕ್ಕೆ ಫೋನ್ ಮಾಡಬೇಕು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಆಗ ಹೀಗೇನಾದರೂ ಆಗಿತ್ತಾ? ಪೂರ್ತಿ ಹೋಗಿಲ್ಲ ಅಂತ ಆಮೇಲೆ ಕ್ಲೀನ್ ಮಾಡಿಸಿದ್ದರಾ, ಅದರ ನಂತರ ಮುಟ್ಟು ತೀರಾ ಕಮ್ಮಿಯಾಯ್ತಾ? ಹೌದಾದರೆ ಈಗಲೇ ಡಾಕ್ಟರ್‌ಗೆ ತೋರಿಸಿ, ತಡ ಮಾಡಬೇಡಿ. ಇಲ್ಲವಾದರೆ ಆರು ತಿಂಗಳು ದೊಡ್ಡ ಅವಧಿಯೇ ಅಲ್ಲ. 35 ದಾಟಿರದವರಿಗೆ ಒಂದು ವರ್ಷ ನೋಡಿ ಅಂತಲೇ ಡಾಕ್ಟರುಗಳು ಹೇಳುವುದು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬಿಡುಗಡೆ ಆಗುತ್ತದೆ. ಆ ದಿನ, ಅದಕ್ಕೂ ಹಿಂದಿನ ನಾಲ್ಕೈದು ದಿನ ಮುಖ್ಯ. ಫೋಲಿಕ್ ಆಸಿಡ್ ಮಾತ್ರೆ ಈಗಲೇ ಶುರು ಮಾಡಿ. ವರ್ಷವಾದರೂ ಆಗದಿದ್ದರೆ ನಿಮ್ಮ ಥೈರಾಯ್ಡ್ ಜೊತೆಗೆ ನಿಮ್ಮ ಯಜಮಾನರ ವೀರ್ಯ ಪರೀಕ್ಷೆಯೂ ಆಗಲಿ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ, ಆದರೂ ತಪಾಸಣೆ, ಹರಕೆ, ಕಷಾಯ ಎಲ್ಲ ಹೆಂಗಸಿನ ಪಾಲಿಗೇ ಬರುತ್ತದೆ. ಇದು ಅನ್ಯಾಯ.

ಡಾಕ್ಟರ್ ಹತ್ತಿರ ಮಾತ್ರೆಯ ವಿಷಯ ಮುಚ್ಚಿಡಬೇಡಿ. ಗರ್ಭಪಾತ 1971ರಿಂದ ನಮ್ಮಲ್ಲಿ ಕಾನೂನಿನ ಒಳಗೇ ಇದೆ, ನೀವು ತಪ್ಪು ಮಾಡಿಲ್ಲ. ನಿಮ್ಮ ಹೆಸರು, ವಿವರವನ್ನು ಡಾಕ್ಟರ್ ಮನೆಯವರಿಗೆ ಹೇಳುವ ಹಾಗಿಲ್ಲ ಅಂತ 2021ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಇಲ್ಲಾ ತೀರ್ಥಹಳ್ಳಿಯಲ್ಲೇ ತೋರಿಸಿ. ಅತ್ತೆ ಜೊತೆಗೆ ಬಂದಿದ್ದರೆ ‘ಒಬ್ಬಳೇ ಮಾತಾಡಬೇಕು’ ಅಂತ ನರ್ಸ್‌ಗೆ ಮೊದಲೇ ಹೇಳಿಬಿಡಿ. ಹಳೇ ಸ್ಕ್ಯಾನಿಂಗ್ ರಿಪೋರ್ಟ್ ಇದ್ದರೆ ತಗೊಂಡು ಹೋಗಿ.