ಕಾಪಾಡಲು ಹೋದ ಸೇನೆಗಳು ಮತ್ತು ಕೈಬಿಟ್ಟುಹೋದ ಮೂರನೇ ಹೊಣೆ

ಒಂದು ಸರ್ಕಾರ ತನ್ನದೇ ಜನರನ್ನು ಕೊಲ್ಲುತ್ತಿರುವಾಗ ಹೊರಗಿನ ಪ್ರಜಾಪ್ರಭುತ್ವ ದೇಶಗಳು ಸೇನೆ ಕಳಿಸಬೇಕಾ, ಬೇಡವಾ? ಈ ಚರ್ಚೆ ಎದ್ದಾಗಲೆಲ್ಲ ಒಬ್ಬರು ರುವಾಂಡಾ ಎನ್ನುತ್ತಾರೆ, ಇನ್ನೊಬ್ಬರು ಇರಾಕ್ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆದರೆ ಈ ಎರಡು ಹೆಸರುಗಳ ಹಿಂದೆ ಮುಂದೆ ನಡೆದದ್ದು ಎಷ್ಟು ಸಿಕ್ಕಾಗಿದೆ ಅಂದರೆ, ಜಗಳ ಯಾವುದರ ಬಗ್ಗೆ ಅನ್ನುವುದೇ ಮರೆತುಹೋಗುತ್ತದೆ.

1945ರ ವಿಶ್ವಸಂಸ್ಥೆಯ ಸನ್ನದು ಬರೆದವರಿಗೆ ಈ ವಿಷಯದಲ್ಲಿ ಗೊಂದಲ ಇರಲಿಲ್ಲ. ಒಂದು ದೇಶ ಇನ್ನೊಂದರ ಮೇಲೆ ಬಲ ಪ್ರಯೋಗಿಸುವಂತಿಲ್ಲ. ಎರಡೇ ವಿನಾಯಿತಿ: ಆತ್ಮರಕ್ಷಣೆ, ಇಲ್ಲವೇ ಭದ್ರತಾ ಮಂಡಳಿಯ ಒಪ್ಪಿಗೆ. ಮುಂದಿನ ನಾಲ್ಕು ದಶಕ ಶೀತಲ ಸಮರದಲ್ಲಿ ಕಳೆದವು. ಯುದ್ಧಗಳು ಸಾಕಷ್ಟು ನಡೆದರೂ, ಜನರನ್ನು ಕಾಪಾಡಲು ಬಂದೆವು ಅನ್ನುವ ಕಾರಣಕ್ಕೆ ಬೆಲೆ ಇರಲಿಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದ ಹತ್ಯೆಗಳಿಗೆ ಹೆದರಿ ಸುಮಾರು 1 ಕೋಟಿ ಜನ ಭಾರತಕ್ಕೆ ಬಂದಿದ್ದರು. ಆದರೂ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಮಹಾಸಭೆ 104 ಮತಗಳಿಂದ ಕದನ ವಿರಾಮಕ್ಕೆ, ಸೇನೆಗಳ ವಾಪಸಾತಿಗೆ ಕರೆ ಕೊಟ್ಟಿತು. ವಿರುದ್ಧ ಬಿದ್ದದ್ದು 11 ಮತ.

ಲೆಕ್ಕಾಚಾರ ತಿರುವುಮುರುವಾದದ್ದು ತೊಂಬತ್ತರ ದಶಕದಲ್ಲಿ. 1994ರಲ್ಲಿ ರುವಾಂಡಾದಲ್ಲಿ ಸುಮಾರು ನೂರು ದಿನಗಳಲ್ಲಿ 8 ಲಕ್ಷದಷ್ಟು ಜನರ ಕೊಲೆ ಆಯಿತು. ಹತ್ಯಾಕಾಂಡ ಶುರುವಾದ ಎರಡು ವಾರಕ್ಕೆ ಭದ್ರತಾ ಮಂಡಳಿ ಅಲ್ಲಿದ್ದ ತನ್ನ ಪಡೆಯನ್ನು 270 ಜನಕ್ಕೆ ಇಳಿಸಲು ತೀರ್ಮಾನಿಸಿತು. ಮರುವರ್ಷ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ, ವಿಶ್ವಸಂಸ್ಥೆಯೇ ಸುರಕ್ಷಿತ ಎಂದು ಘೋಷಿಸಿದ್ದ ಜಾಗದಲ್ಲಿ, ಸುಮಾರು 8,000 ಗಂಡಸರು ಮತ್ತು ಹುಡುಗರನ್ನು ಕೊಂದರು. ಸುಮ್ನೆ ಕೂರುವುದೂ ಒಂದು ತೀರ್ಮಾನವೇ, ಅದಕ್ಕೂ ಹೆಣಗಳ ಲೆಕ್ಕ ಇರುತ್ತದೆ ಅನ್ನುವುದು ಜಗತ್ತಿಗೆ ಅರ್ಥವಾಯಿತು.

ಹಾಗಾಗಿ 1999ರಲ್ಲಿ, ಆಗ ಸರ್ಬಿಯಾದ ಭಾಗವಾಗಿದ್ದ ಕೊಸೊವೊದ ಅಲ್ಬೇನಿಯನ್ನರ ಮೇಲೆ ಸರ್ಬಿಯಾದ ಪಡೆಗಳ ದಾಳಿಗಳಾದಾಗ, ಪಾಶ್ಚಾತ್ಯ ದೇಶಗಳ ಸೇನಾ ಒಕ್ಕೂಟ ನೇಟೋ ಕಾಯಲಿಲ್ಲ. ಭದ್ರತಾ ಮಂಡಳಿಯ ಒಪ್ಪಿಗೆ ಇಲ್ಲದೆ 78 ದಿನ ಬಾಂಬ್ ಹಾಕಿತು. ಆಮೇಲೆ ಪರಿಶೀಲಿಸಿದ ಸ್ವತಂತ್ರ ಆಯೋಗ, ಕ್ರಮ ಕಾನೂನುಬಾಹಿರ, ಆದರೂ ನ್ಯಾಯಸಮ್ಮತ ಎಂದಿತು. ಸದುದ್ದೇಶದ ತೀರ್ಪೇ. ಆದರೆ ಕಾನೂನಿಗೂ ನ್ಯಾಯಕ್ಕೂ ನಡುವೆ ಅದು ಬಿಟ್ಟ ಸಂದಿ ಅಪಾಯದ್ದು. ಆ ಸಂದಿಯಲ್ಲಿ ಯಾರು ಬೇಕಾದರೂ ನುಗ್ಗಬಹುದಲ್ವಾ? 2003ರ ಇರಾಕ್ ಯುದ್ಧಕ್ಕೆ ಮುಖ್ಯವಾಗಿ ಕೊಟ್ಟ ಕಾರಣ ಸಮೂಹನಾಶಕ ಅಸ್ತ್ರಗಳು. ಅವು ಸಿಗಲಿಲ್ಲ. ಆಗ ಜನರನ್ನು ಸರ್ವಾಧಿಕಾರಿಯಿಂದ ಬಿಡಿಸಿದೆವು ಅನ್ನುವ ಮಾತು ಜೋರಾಯಿತು.

ಈ ಎರಡು ಯುದ್ಧಗಳ ನಡುವೆ, 2001ರ ಡಿಸೆಂಬರ್‌ನಲ್ಲಿ, ಕೆನಡಾ ಸರ್ಕಾರದ ಮುತುವರ್ಜಿಯಿಂದ ರಚನೆಯಾಗಿದ್ದ ಅಂತರರಾಷ್ಟ್ರೀಯ ಆಯೋಗ ಒಂದು ವರದಿ ಕೊಟ್ಟಿತು. 'ರಕ್ಷಿಸುವ ಹೊಣೆ' ಅನ್ನುವ ವಿಚಾರ ಬಂದದ್ದು ಅಲ್ಲಿಂದ. ಮಧ್ಯಪ್ರವೇಶದ ಹಕ್ಕು ಯಾರಿಗಿದೆ ಎಂದು ಕೇಳುವುದನ್ನು ಬಿಟ್ಟು, ಸಂಕಟದಲ್ಲಿರುವವರ ಕಡೆ ಯಾರ ಹೊಣೆ ಏನು ಎಂದು ಕೇಳಿ ಎಂದಿತು ಆಯೋಗ. ಅದು ಹೇಳಿದ ಹೊಣೆಗಳು ಮೂರು: ಮೊದಲೇ ತಡೆಯುವುದು, ಕೈಮೀರಿದಾಗ ಸ್ಪಂದಿಸುವುದು, ಆಮೇಲೆ ಮತ್ತೆ ಕಟ್ಟುವುದು. 2005ರ ವಿಶ್ವ ಶೃಂಗಸಭೆಯಲ್ಲಿ ದೇಶಗಳು ಈ ವಿಚಾರವನ್ನು ಒಪ್ಪಿದವು. ಆದರೆ ಶೃಂಗಸಭೆಯ ದಾಖಲೆಯಲ್ಲಿ ಇದಕ್ಕೆ ಸಿಕ್ಕ ಎರಡು ಪ್ಯಾರಾಗಳಲ್ಲಿ ಮೂರನೆಯ ಹೊಣೆ ಇರಲಿಲ್ಲ. ಶಾಂತಿ ಕಟ್ಟುವ ಕೆಲಸಕ್ಕೆ ಬೇರೆಯೇ ಒಂದು ಆಯೋಗ ಮಾಡಿದರು. ಬಾಂಬ್ ಹಾಕಿದವರೇ ಕಟ್ಟಬೇಕು ಅನ್ನುವ ನಂಟು ಕಡಿದುಹೋಯಿತು. ಈ ಬದಲಾವಣೆಗೆ ಆಗ ಜಾಸ್ತಿ ಗಮನ ಸಿಗಲಿಲ್ಲ. ಅದರ ಬೆಲೆ ಗೊತ್ತಾದದ್ದು ಲಿಬಿಯಾದಲ್ಲಿ.

2011ರ ಫೆಬ್ರವರಿಯಲ್ಲಿ ಬೆಂಗಾಜಿಯಲ್ಲಿ ಪ್ರತಿಭಟನೆ ಶುರುವಾಯಿತು. ಸರ್ಕಾರ ಗುಂಡು ಹಾರಿಸಿತು. ಪ್ರತಿಭಟನೆ ಬಂಡಾಯವಾಯಿತು. ಮಾರ್ಚ್ ಮಧ್ಯದ ಹೊತ್ತಿಗೆ ಲಿಬಿಯಾದ ಸರ್ವಾಧಿಕಾರಿ ಗಡಾಫಿಯ ಸೇನೆ ನಗರದ ಕಡೆ ಬರುತ್ತಿತ್ತು. ಕರುಣೆ ತೋರುವುದಿಲ್ಲ ಎಂದು ಅವರು ರೇಡಿಯೋದಲ್ಲಿ ಹೇಳಿದರು. ಆಯುಧ ಕೆಳಗಿಟ್ಟವರನ್ನು ಬಿಡುತ್ತೇವೆ ಎಂದೂ ಹೇಳಿದ್ದರು. ಯಾವ ಮಾತನ್ನು ನಂಬಬೇಕು? ರುವಾಂಡಾ ನೋಡಿದ್ದ ಜಗತ್ತು ಮೊದಲನೆಯದನ್ನು ನಂಬಿತು, ಅದು ಸಹಜ. ಹಾರಾಟ ನಿಷೇಧ ವಲಯ ಬೇಕು ಎಂದು ಅರಬ್ ಲೀಗ್ ಆಗಲೇ ಕೇಳಿತ್ತು. ಮಾರ್ಚ್ 17ರಂದು ಭದ್ರತಾ ಮಂಡಳಿಯ 1973ನೇ ನಿರ್ಣಯ 10 ಮತಗಳಿಂದ ಪಾಸಾಯಿತು. ಭಾರತ, ಬ್ರೆಜಿಲ್, ಜರ್ಮನಿ, ರಷ್ಯಾ, ಚೀನಾ ಮತ ಹಾಕದೆ ಉಳಿದವು. ನಾಗರಿಕರನ್ನು ಕಾಪಾಡಲು ಬೇಕಾದ ಎಲ್ಲ ಕ್ರಮ ತೆಗೆದುಕೊಳ್ಳಬಹುದು, ಆದರೆ ನೆಲದ ಮೇಲೆ ಆಕ್ರಮಣ ಪಡೆ ಇಳಿಯಬಾರದು. ಇದು ನಿರ್ಣಯದ ತಿರುಳು.

ಎರಡು ದಿನಕ್ಕೆ ಫ್ರಾನ್ಸ್, ಬ್ರಿಟನ್, ಅಮೆರಿಕದ ವಿಮಾನಗಳು ಬಂದವು. ಬೆಂಗಾಜಿ ಉಳಿಯಿತು. ಇಷ್ಟಕ್ಕೇ ನಿಂತಿದ್ದರೆ ಈ ಲೇಖನವೇ ಬೇಕಿರಲಿಲ್ಲವೇನೋ. ಏಪ್ರಿಲ್ 10ರಂದು ಆಫ್ರಿಕನ್ ಒಕ್ಕೂಟದ ನಾಯಕರು ಸಂಧಾನಕ್ಕೆ ಟ್ರಿಪೋಲಿಗೆ ಹೋದರು. ಗಡಾಫಿ ಒಪ್ಪಿದ್ದಾರೆ ಎಂದರು. ಗಡಾಫಿ ಇಳಿಯದ ಹೊರತು ಮಾತಿಲ್ಲ ಎಂದರು ಬಂಡುಕೋರರು. ಅದೇ ವಾರ ಈ ಮೂರು ದೊಡ್ಡ ಪ್ರಜಾಪ್ರಭುತ್ವ ದೇಶಗಳ ನಾಯಕರು ಒಟ್ಟಾಗಿ ಲೇಖನ ಬರೆದು, ಗಡಾಫಿ ಅಧಿಕಾರದಲ್ಲಿರುವ ಲಿಬಿಯಾದ ಭವಿಷ್ಯವನ್ನು ಊಹಿಸಲಾಗದು ಎಂದರು. ನಾಗರಿಕರ ರಕ್ಷಣೆ ಹೋಗಿ ಸರ್ಕಾರ ಉರುಳಿಸುವ ಗುರಿ ಬಂದದ್ದು ಹೀಗೆ, ಯಾವ ಹೊಸ ನಿರ್ಣಯವೂ ಇಲ್ಲದೆ.

ಮತದಾರರಿಗೆ ಉತ್ತರ ಕೊಡಬೇಕಾದ ಸರ್ಕಾರಗಳು ಯುದ್ಧದಲ್ಲಿ ಎಚ್ಚರ ವಹಿಸುತ್ತವೆ ಎಂದು ನಂಬುತ್ತೇವೆ. ಇಲ್ಲಿ ಏನಾಯಿತು ನೋಡಿ. ಬ್ರಿಟನ್ ಸಂಸತ್ತು ಮತ ಹಾಕಿದ್ದು ದಾಳಿ ಶುರುವಾಗಿ ಎರಡು ದಿನ ಆದ ಮೇಲೆ, 557ಕ್ಕೆ 13. ಅಮೆರಿಕದಲ್ಲಿ ಸಂಸತ್ತಿನ, ಅಂದರೆ ಕಾಂಗ್ರೆಸ್ಸಿನ, ಒಪ್ಪಿಗೆ ಇಲ್ಲದ ಯುದ್ಧಕ್ಕೆ ಕಾನೂನು ಹಾಕಿರುವ 60 ದಿನದ ಗಡುವು ದಾಟಿತು. ನಮ್ಮ ಸೈನಿಕರು ನೆಲದಲ್ಲಿ ಹೋರಾಡುತ್ತಿಲ್ಲ, ಹಾಗಾಗಿ ಆ ಕಾನೂನು ಅನ್ವಯಿಸದು ಅನ್ನುವುದು ಸರ್ಕಾರದ ವಾದ. ತನ್ನವರ ಶವಪೆಟ್ಟಿಗೆಗಳು ಬರದ ಯುದ್ಧದ ಬಗ್ಗೆ ಮತದಾರ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ. ಬಾಂಬ್ ಬೀಳುವ ಊರಿನವರಿಗೆ ಆ ದೇಶಗಳಲ್ಲಿ ಮತವೇ ಇಲ್ಲ.

ಅಕ್ಟೋಬರ್ 20ರಂದು ಗಡಾಫಿ ಹತರಾದರು. ವರ್ಷದ ಕೊನೆಯವರೆಗೆ ಇರಿ ಎಂದು ಬಂಡುಕೋರರ ಮಧ್ಯಂತರ ಮಂಡಳಿಯ ಮುಖ್ಯಸ್ಥರು ಕೇಳಿದರೂ, ನೇಟೋ ಅಕ್ಟೋಬರ್ 31ಕ್ಕೆ ಕಾರ್ಯಾಚರಣೆ ಮುಗಿಸಿತು. ಹೊಸ ನಾಯಕರಿಗೂ ವಿದೇಶಿ ಪಡೆ ನೆಲದ ಮೇಲೆ ಬೇಕಿರಲಿಲ್ಲ ಅನ್ನುವುದನ್ನು ಹೇಳಲೇಬೇಕು. ಆದರೆ ಸಶಸ್ತ್ರ ಗುಂಪುಗಳ ಕೈಯಿಂದ ಬಂದೂಕು ತೆಗೆಯುವವರು ಯಾರೂ ಉಳಿಯಲಿಲ್ಲ. ಆಯುಧಗಳು ಗಡಿ ದಾಟಿ ಮಾಲಿಗೆ ಹೋದವು, 2012ರಲ್ಲಿ ಆ ದೇಶ ಹೊತ್ತಿಕೊಂಡಿತು. 2014ಕ್ಕೆ ಲಿಬಿಯಾದಲ್ಲೇ ಎರಡು ಸರ್ಕಾರಗಳಾದವು. 2016ರಲ್ಲಿ ಬ್ರಿಟನ್‌ನ ಸಂಸದೀಯ ಸಮಿತಿ, ನಾಗರಿಕರಿಗಿದ್ದ ಅಪಾಯವನ್ನು ಹಿಗ್ಗಿಸಿ ನೋಡಲಾಗಿತ್ತು ಎಂದು ಬರೆಯಿತು.

ಲಿಬಿಯಾದ ಬಿಲ್ ಕಟ್ಟಿದ್ದು ಸಿರಿಯಾದ ಜನ. 1973ನೇ ನಿರ್ಣಯದಲ್ಲಿ ಮೋಸ ಹೋದೆವು ಎಂದು ದೂರಿದ ರಷ್ಯಾ, ಚೀನಾ 2011ರ ಅಕ್ಟೋಬರ್‌ನಿಂದಲೇ ಸಿರಿಯಾ ನಿರ್ಣಯಗಳಿಗೆ ವಿಟೋ ಹಾಕತೊಡಗಿದವು, ಅಂದರೆ ಕಾಯಂ ಸದಸ್ಯರ ಅಧಿಕಾರ ಬಳಸಿ ಅವನ್ನು ತಡೆಯತೊಡಗಿದವು. ಅವುಗಳಿಗೆ ಬೇರೆ ಸ್ವಾರ್ಥಗಳೂ ಇದ್ದವು, ಆದರೆ ನೆಪ ಸಿಕ್ಕಿದ್ದು ಲಿಬಿಯಾದಿಂದ. 2013ರಲ್ಲಿ ಸಿರಿಯಾದ ಘೌಟಾದಲ್ಲಿ ರಾಸಾಯನಿಕ ದಾಳಿ ನಡೆದ ನಂತರವೂ ಬ್ರಿಟನ್ ಸಂಸತ್ತು ಸೇನಾ ಕ್ರಮ ಬೇಡ ಎಂದು 285ಕ್ಕೆ 272 ಮತಗಳಿಂದ ಹೇಳಿತು.

ಮುಂದಿನ ವರ್ಷಗಳ ಚರ್ಚೆ ಹೆಚ್ಚಾಗಿ ವಿಟೋ ಸುತ್ತಲೇ ನಡೆದಿದೆ. ಸಾಮೂಹಿಕ ಹತ್ಯೆಯ ಸಂದರ್ಭದಲ್ಲಿ ಕಾಯಂ ಸದಸ್ಯರು ತಾವಾಗಿಯೇ ವಿಟೋ ಬಿಡಲಿ ಎಂದು ಫ್ರಾನ್ಸ್ ಸೂಚಿಸಿತು. 2022ರ ಏಪ್ರಿಲ್‌ನಲ್ಲಿ ಮಹಾಸಭೆ ಇನ್ನೊಂದು ನಿಯಮ ಮಾಡಿತು: ಯಾರೇ ವಿಟೋ ಹಾಕಿದರೂ ಹತ್ತು ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಅದರ ಬಗ್ಗೆ ಚರ್ಚಿಸಬೇಕು. ತಡೆದವರನ್ನು ಪ್ರಶ್ನಿಸಲು ಈಗ ಒಂದು ವೇದಿಕೆ ಇದೆ. ದಾಳಿ ಮಾಡಿ ಹೊರಟುಹೋದವರನ್ನು ಕರೆಸಿ, ಊರು ಮತ್ತೆ ಕಟ್ಟುವ ಲೆಕ್ಕ ಕೇಳುವ ಅಂಥ ನಿಯಮ ಇನ್ನೂ ಬಂದಿಲ್ಲ.