ಅಂತೆ-ಕಂತೆಯ ಹಾಸ್ಯ ಕಾದಂಬರಿಯನ್ನು ಓದುವ ಬಗೆ

ತಾರೆಯರ ಗಾಸಿಪ್ ಬರೆಯುವ ಇಬ್ಬರು ವರದಿಗಾರರ ಪೈಪೋಟಿಯೇ ಕಾದಂಬರಿಯ ವಸ್ತುವಾದಾಗ, ನಾಯಕ ಯಾರು, ಖಳ ಯಾರು ಎಂದು ನಾವು ಮೊದಲು ಹುಡುಕುತ್ತೇವೆ. ನನ್ನ ಮೊದಲ ಓದು ಹಾದಿ ತಪ್ಪಿದ್ದೂ ಅಲ್ಲೇ. ಇಬ್ಬರೂ ಒಂದೇ ಅಚ್ಚಿನವರು. ಅದು ಗೊತ್ತಿಲ್ಲದಿರುವುದು ಅವರಿಬ್ಬರಿಗೆ ಮಾತ್ರ. ನಗು ಹುಟ್ಟುವುದು ಈ ಅಜ್ಞಾನದಿಂದ.

ಇಂಥದೇ ಪೈಪೋಟಿಯ ಒಂದು ಗಾಸಿಪ್ ಜೋಡಿ ಹಾಲಿವುಡ್ ಇತಿಹಾಸದಲ್ಲೇ ಇದೆ. ಲೊಯೆಲಾ ಪಾರ್ಸನ್ಸ್ ಪತ್ರಿಕೋದ್ಯಮಿ ಹರ್ಸ್ಟ್ ಒಡೆತನದ ಪತ್ರಿಕೆಗಳ ಅಂಕಣಗಾರ್ತಿ. ಹೆಡ್ಡಾ ಹಾಪರ್ ಮೂಕಿ ಚಿತ್ರಗಳ ಕಾಲದ ನಟಿ. 1938ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್‌ನಲ್ಲಿ ಅಂಕಣ ಆರಂಭಿಸಿದರು, ವಿಚಿತ್ರ ಟೋಪಿಗಳಿಂದಲೂ ಹೆಸರಾದರು. ತಮ್ಮ ಮನೆಯನ್ನು 'ಭಯ ಕಟ್ಟಿದ ಮನೆ' ಎಂದು ಹಾಪರ್ ತಾವೇ ಹೆಮ್ಮೆಯಿಂದ ಕರೆಯುತ್ತಿದ್ದರು.

1949ರ ಪ್ರಸಂಗವನ್ನು ನೋಡಿ. ನಟಿ ಇಂಗ್ರಿಡ್ ಬರ್ಗ್‌ಮನ್ ಇಟಲಿಯಲ್ಲಿದ್ದಾಗ ಹಾಪರ್ ಅಲ್ಲಿಗೇ ಹೋಗಿ ವಿಚಾರಿಸಿದರು. ಪತಿಯಲ್ಲದವರಿಂದ ಗರ್ಭಿಣಿ ಎಂಬ ಮಾತನ್ನು ನಟಿ ಅಲ್ಲಗಳೆದರು, ಹಾಪರ್ ಅದನ್ನು ನಂಬಿದರು. ಡಿಸೆಂಬರ್‌ನಲ್ಲಿ ಪಾರ್ಸನ್ಸ್ ಅಮೆರಿಕದಲ್ಲೇ ಕುಳಿತು ಗರ್ಭದ ಸುದ್ದಿಯನ್ನು ಸ್ಫೋಟಿಸಿದರು. 1950ರ ಫೆಬ್ರವರಿಯಲ್ಲಿ ಮಗು ಹುಟ್ಟಿತು. ಕಡಲು ದಾಟಿ ಮುಖಾಮುಖಿ ಕೇಳಿದವರು ಸೋತರು, ಕುರ್ಚಿ ಬಿಟ್ಟು ಏಳದವರು ಗೆದ್ದರು! ಹಾಸ್ಯ ಲೇಖಕ ಇದಕ್ಕೆ ಒಂದು ಎಳೆಯನ್ನೂ ಸೇರಿಸಬೇಕಾಗಿಲ್ಲ.

ಆದರೆ ಅದೇ 1950ರಲ್ಲಿ ಅಮೆರಿಕದ ಸೆನೆಟ್‌ನಲ್ಲೇ ಒಬ್ಬ ಸದಸ್ಯರು ಬರ್ಗ್‌ಮನ್ ಅವರನ್ನು ಖಂಡಿಸಿ ಮಾತನಾಡಿದರು. ಆ ನಟಿಯ ಕೋಣೆಯೊಳಗೆ ನಿಂತು ನೋಡಿದರೆ ನಗು ಬರುವುದಿಲ್ಲ. ಹಾಸ್ಯ ಕಾದಂಬರಿ ತಾರೆಯನ್ನು ದೂರದಲ್ಲಿಟ್ಟು ವರದಿಗಾರರ ಹೆಗಲ ಮೇಲೆಯೇ ಕೂರುವುದು ಇದಕ್ಕೇ. ತಾರೆಯ ಪಾತ್ರ ತೆಳುವಾಗಿದೆ ಎಂದು ಆಕ್ಷೇಪಿಸುವ ವಿಮರ್ಶೆಗಳು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ.

ಕಥಾವಸ್ತುವಿಗಿಂತ ಭಾಷೆಗೆ ಹೆಚ್ಚು ಹೊತ್ತು ಕೊಡಿ. ಗಾಸಿಪ್ಪಿಗೆ ಕನ್ನಡದಲ್ಲಿ ವ್ಯಾಕರಣವೇ ಇದೆ: 'ಅಂತೆ'. ಕ್ರಿಯಾಪದಕ್ಕೆ ಅದನ್ನು ಅಂಟಿಸಿದರೆ ಸಾಕು, ಹೇಳಿದವರ ಹೊಣೆ ಕಳೆಯಿತು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಚಪ್ಪಲಿ ಕಚ್ಚಿದ್ದರಿಂದ ನಟಿಯೊಬ್ಬಳು ಸಮಾರಂಭದಿಂದ ಬೇಗ ಹೊರಟಳು. ಓದುಗರಾದ ನಮಗೆ ಇದು ಗೊತ್ತು. ಮರುದಿನ ಒಬ್ಬನ ಅಂಕಣದಲ್ಲಿ ಆಕೆ 'ಕಣ್ಣೊರೆಸಿಕೊಳ್ಳುತ್ತಾ ಹೊರಟಳಂತೆ', ಇನ್ನೊಬ್ಬನ ಅಂಕಣದಲ್ಲಿ 'ಕತ್ತಲಲ್ಲಿ ಕಾದಿದ್ದ ಕಾರು ಹತ್ತಿದಳಂತೆ'. ನಮಗೆ ತಿಳಿದದ್ದು ಪಾತ್ರಗಳಿಗೆ ತಿಳಿಯದಿರುವ ಈ ನಾಟಕೀಯ ವ್ಯಂಗ್ಯ, ಮುಂದೆ ಒಬ್ಬನ ಸುಳ್ಳಿಗೆ ಇನ್ನೊಬ್ಬ ಪುರಾವೆ ಹುಡುಕಲು ಹೊರಟಾಗ ಇಮ್ಮಡಿಯಾಗುತ್ತದೆ. ಮೂರನೆಯ ದಿನ ನಟಿಯೇ ಪತ್ರಿಕಾಗೋಷ್ಠಿ ಕರೆದು ಚಪ್ಪಲಿಯ ಸಂಗತಿ ಹೇಳಲಿ: ಅದನ್ನು ನಂಬದಿರುವುದರಲ್ಲಿ ಇಬ್ಬರೂ ಮೊದಲ ಬಾರಿಗೆ ಒಂದಾಗುತ್ತಾರೆ.