ಕಂಬ ಕೂಡದೆಂದಿತು ಸೈನ್ಯ

ಜಪಾನಿನ ಕ್ಯೋಟೋ ನಗರದ ದಕ್ಷಿಣದಂಚಿನ ಫುಶಿಮಿಯಲ್ಲಿ ಉಜಿ ನದಿಯ ಮೇಲೊಂದು ಉಕ್ಕಿನ ರೈಲು ಸೇತುವೆಯಿದೆ. ಹೆಸರು ಮಾತ್ರ ಯೊದೊಗಾವಾ ಸೇತುವೆ. ಉಜಿಯೇ ಮುಂದೆ ಹರಿದು ಯೊದೊ ಆಗುವುದರಿಂದ ಹೆಸರಿನ ಈ ಗೋಜಲು. ಉದ್ದ 164.6 ಮೀಟರ್, ಅಷ್ಟೂ ಒಂದೇ ಅಂಕಣ, ಅಂದರೆ ಎರಡು ಆಸರೆಗಳ ನಡುವಿನ ಹರವು. ನೀರಿನಲ್ಲಿ ಒಂದು ಕಂಬವೂ ಇಲ್ಲ.

ಇಷ್ಟು ಅಗಲದ ನದಿಗೆ ಯಾವ ಎಂಜಿನಿಯರೂ ತಾನಾಗಿ ಹೀಗೆ ಕಟ್ಟಲಾರ. ನಾರಾ ವಿದ್ಯುತ್ ರೈಲು ಕಂಪನಿಯ ಮೊದಲ ಯೋಜನೆಯಲ್ಲೂ ನದಿಯೊಳಗೆ ಕಂಬಗಳಿದ್ದವು. ಆದರೆ ಸೈನ್ಯದ ಎಂಜಿನಿಯರಿಂಗ್ ದಳ ಸೇತುವೆ ಕಟ್ಟುವ ಅಭ್ಯಾಸ ನಡೆಸುತ್ತಿದ್ದದ್ದು ಅಲ್ಲಿಯೇ. ಕಂಬ ಅಡ್ಡ ಬರುತ್ತದೆ, ಕೂಡದು ಎಂದರು. ಜಗ್ಗಾಡುತ್ತ ಕೂರಲು ಪುರುಸೊತ್ತಿರಲಿಲ್ಲ. 1928ರ ನವೆಂಬರಿನಲ್ಲಿ ಕ್ಯೋಟೋದಲ್ಲಿ ಚಕ್ರವರ್ತಿ ಹಿರೋಹಿತೋ ಪಟ್ಟಾಭಿಷೇಕ, ಅಷ್ಟರೊಳಗೆ ರೈಲು ಓಡಬೇಕಿತ್ತು. ವಿನ್ಯಾಸದ ಹೊಣೆ ಎಂಜಿನಿಯರ್ ಸೆಕಿಬಾ ಶಿಗೆಕಿ ಅವರದಾಯಿತು.

ಕಂಬ ಕೈಬಿಟ್ಟರೆ ಏನಾಗುತ್ತದೆ? ಮೀಟರಿಗೆ ಇಂತಿಷ್ಟು ಭಾರ ಎಂದಿಟ್ಟುಕೊಳ್ಳಿ. ಅಂಕಣ ಎರಡು ಪಟ್ಟಾದರೆ ಅದನ್ನು ಬಾಗಿಸುವ ಪರಿಣಾಮ ನಾಲ್ಕು ಪಟ್ಟು. 20 ಮೀಟರಿನ ಅಂಕಣವನ್ನು 160ಕ್ಕೆ ಹಿಗ್ಗಿಸಿದರೆ 64 ಪಟ್ಟು! ಈ ಪರಿಣಾಮ ನಟ್ಟನಡುವೆ ಅತಿ ಹೆಚ್ಚು. ಆದ್ದರಿಂದಲೇ ಸೇತುವೆಯ ಬೆನ್ನು ಬಿಲ್ಲಿನಂತೆ ಉಬ್ಬಿ, ನಡುವೆ ಸುಮಾರು 24 ಮೀಟರ್ ಎತ್ತರಕ್ಕೇರಿದೆ. ಭಾರ ಬಿದ್ದಾಗ ಮೇಲಿನ ಅಂಚು ಒತ್ತಿಕೊಳ್ಳುತ್ತದೆ, ಕೆಳಗಿನದು ಎಳೆದುಕೊಳ್ಳುತ್ತದೆ. ಇವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ಉಕ್ಕಿನ ಮೇಲಿನ ಬಲ ಕಡಿಮೆ.

ಎಳೆತಕ್ಕೆ ಉಕ್ಕು ಅಂಜುವುದಿಲ್ಲ, ತೊಂದರೆಯೆಲ್ಲ ಒತ್ತಡದ್ದು. ಕಸಪೊರಕೆಯ ಉದ್ದನೆಯ ಕಡ್ಡಿಯೊಂದನ್ನು ಎರಡು ಅಂಗೈಗಳ ನಡುವೆ ಒತ್ತಿ ನೋಡಿ, ತಟ್ಟನೆ ಬಳುಕುತ್ತದೆ. ಅದನ್ನೇ ಬೆರಳುದ್ದಕ್ಕೆ ಮುರಿದು ಒತ್ತಿದರೆ ಜಗ್ಗುವುದಿಲ್ಲ. ಉದ್ದ ಅರ್ಧಕ್ಕಿಳಿದರೆ ತಾಳುವ ಶಕ್ತಿ ನಾಲ್ಕು ಪಟ್ಟು. ಉಕ್ಕಿನ ಪಟ್ಟಿಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟಿಗೆ ಟ್ರಸ್ ಎನ್ನುತ್ತಾರೆ. ಪೆನ್ಸಿಲ್ವೇನಿಯಾ ಟ್ರಸ್ ಎಂಬ ಈ ಮಾದರಿಯಲ್ಲಿ ದೊಡ್ಡ ತ್ರಿಕೋನಗಳೊಳಗೆ ಸಣ್ಣ ಪಟ್ಟಿಗಳು ಸೇರಿಕೊಂಡಿರುವುದಕ್ಕೆ ಇದೊಂದು ಕಾರಣ: ಉದ್ದನೆಯ ಪಟ್ಟಿಗಳನ್ನು ಅವು ನಡುವೆ ಹಿಡಿದು ಗಿಡ್ಡವಾಗಿಸುತ್ತವೆ. ಹಳಿ ಹೊರುವ ತೊಲೆಗಳಿಗೂ ಅವು ನಡುನಡುವೆ ಆಸರೆ ಕೊಡುತ್ತವೆ. ದೂರದಿಂದ ನೋಡಿದರೆ ಜೇಡರಬಲೆ. ನನಗಂತೂ ಅದು ಲೆಕ್ಕವನ್ನೇ ಉಕ್ಕಿನಲ್ಲಿ ಬರೆದಂತೆ ಕಾಣುತ್ತದೆ.

ಇಷ್ಟುದ್ದದ ಉಕ್ಕು ಬಿಸಿಲಿಗೆ ಹಿಗ್ಗುತ್ತದೆ ಕೂಡ. ತಾಪ 40 ಡಿಗ್ರಿ ಏರಿದರೆ ಸುಮಾರು 8 ಸೆಂಟಿಮೀಟರ್.

ಕೆಲವೇ ತಿಂಗಳಲ್ಲಿ ಕೆಲಸ ಮುಗಿದು, ನವೆಂಬರಿನಲ್ಲೇ ರೈಲು ಓಡಿತು. 2000ದಲ್ಲಿ ಸೇತುವೆ ಸಾಂಸ್ಕೃತಿಕ ಆಸ್ತಿಯಾಗಿ ನೋಂದಣಿಯಾಯಿತು. ಕಂಬ ಕೂಡದೆಂದ ಸೈನ್ಯ 1945ರಲ್ಲೇ ವಿಸರ್ಜನೆಗೊಂಡಿತ್ತು. ಈ ಮಾರ್ಗವನ್ನು ಈಗ ನಡೆಸುವ ಕಿಂಟೆಟ್ಸು ಕಂಪನಿಯ ರೈಲುಗಳು ಈಗಲೂ ಅದೇ ಒಂದೇ ನೆಗೆತದಲ್ಲಿ ಉಜಿಯನ್ನು ದಾಟುತ್ತವೆ. ಕೆಳಗೆ ನೀರು ತೆರವಾಗಿಯೇ ಇದೆ.